ನಾಯಿ ಕಣ್ಣಿಗೆ ಹನಿ ಹಾಕುವಾಗ ಎದುರಿಗೆ ನಿಲ್ಲಬೇಡಿ

ದಾವಣಗೆರೆಯ ನಮ್ಮ ಬೀದಿಯಲ್ಲಿ ಮೊನ್ನೆ ಒಂದು ಪಗ್ ನಾಯಿಗೆ ಕಣ್ಣಿನ ಔಷಧ ಹಾಕುವ ಕಾರ್ಯಕ್ರಮ ನಡೆಯಿತು. ಯಜಮಾನರು ಮುಂಗಾಲು ಹಿಡಿದಿದ್ದರು, ಮಗ ಹಿಂಗಾಲು. ಬಾಟಲಿ ಮನೆಯವರ ಕೈಯಲ್ಲಿ. ಅರ್ಧ ಅಡಿ ಮೇಲಿಂದ ಹೋಳಿ ಪಿಚಕಾರಿ ಥರ ಹಿಂಡಿದರು. ಒಂದು ಹನಿ ಮೂಗಿಗೆ, ಎರಡು ಕಿವಿಗೆ, ಉಳಿದದ್ದು ಯಜಮಾನರ ಲುಂಗಿಗೆ. ಮೂರು ದಿನ ಹೀಗೇ ಮಾಡಿ, ‘ಈ ಔಷಧ ಕೆಲ್ಸ ಮಾಡ್ತಿಲ್ಲ ಕಣ್ರೀ’ ಅಂತ ನನ್ನ ಹತ್ತಿರ ದೂರಿದರು. ಕಣ್ಣಿಗೆ ಹೋಗಿದ್ದರೆ ತಾನೇ ಕೆಲಸ ಮಾಡೋದು!

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೊದಲು ನೋಡಿ

ನಾಯಿಯನ್ನು ಬೆಳಕಿರುವ ಕಡೆ ಕೂರಿಸಿ. ಎರಡೂ ಕಣ್ಣನ್ನು ಹೋಲಿಸಿ ನೋಡಿ. ಬೆಳಿಗ್ಗೆ ಮೂಲೆಯಲ್ಲಿ ಒಂಚೂರು ಕಂದು ಪಿಸುರು ಇದ್ದರೆ ಅದು ಸಹಜ, ಒರೆಸಿಬಿಡಿ. ಸ್ವಲ್ಪ ನೀರು, ಸ್ವಲ್ಪ ಕೆಂಪು ಧೂಳಿನಿಂದಲೂ ಬರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ನಮ್ಮ ಕಡೆ ಮನುಷ್ಯರ ಕಣ್ಣೇ ಕೆಂಪಗಿರುತ್ತದೆ, ಅಲ್ವಾ? ನಾಯಿ ಆರಾಮಾಗಿ ಕಣ್ಣು ಬಿಡುತ್ತಿದ್ದರೆ ಒಂದು ದಿನ ಕಾಯಬಹುದು.

ಆದರೆ ಒಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರೆ, ಪಂಜದಿಂದ ಉಜ್ಜುತ್ತಿದ್ದರೆ, ಬೆಳಕು ಕಂಡರೆ ಮಂಚದಡಿ ಸೇರುತ್ತಿದ್ದರೆ ಅದಕ್ಕೆ ನೋವಾಗುತ್ತಿದೆ ಅಂತ ಅರ್ಥ. ಕರಿಗುಡ್ಡೆಯ ಮೇಲೆ ನೀಲಿ ಬಿಳುಪು ಮಸುಕು ಕಂಡರೆ, ಕಣ್ಣು ಉಬ್ಬಿದ್ದರೆ, ಒಂದು ಪಾಪೆ ದೊಡ್ಡದು ಇನ್ನೊಂದು ಚಿಕ್ಕದು ಕಂಡರೆ ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ನಾಳೆ ಅಮಾವಾಸ್ಯೆ, ನಾಡಿದ್ದು ಹೋಗೋಣ ಅನ್ನಬೇಡಿ. ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮಾ ಆಗಿದ್ದರೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು.

ಒಳಮೂಲೆಯಲ್ಲಿ ಕೆಂಪು ಗಂಟು ಎದ್ದರೆ ಅದು ಚೆರ್ರಿ ಐ. ನಾಯಿಗೆ ಮೂರನೇ ರೆಪ್ಪೆ ಇರುತ್ತದೆ. ಅದರ ಗ್ರಂಥಿ ಜಾರಿ ಹೊರಬಂದಿರುತ್ತದೆ. ‘ಕತ್ತರಿಸಿ ಒಗೆಸಿಬಿಡಿ’ ಅನ್ನುವವರು ಈಗಲೂ ಇದ್ದಾರೆ. ಕೇಳಬೇಡಿ. ಕಣ್ಣೀರಿನ ದೊಡ್ಡ ಪಾಲು ಆ ಗ್ರಂಥಿಯದೇ. ಕತ್ತರಿಸಿದರೆ ಮುಂದೆ ಕಣ್ಣು ಒಣಗುತ್ತದೆ. ಅದನ್ನು ಒಳಕ್ಕೆ ಸೇರಿಸಿ ಹೊಲಿಗೆ ಹಾಕಿಸಬೇಕು.

ದಿನಾ ಗೋಂದಿನಂಥ ದಪ್ಪ ಪಿಸುರು ಅಂಟುತ್ತಿದ್ದರೆ ಕಣ್ಣೀರು ಕಡಿಮೆಯಾಗಿರಬಹುದು. ವೈದ್ಯರು ರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಸಿಕ್ಕಿಸುತ್ತಾರೆ. ಒಂದು ನಿಮಿಷದಲ್ಲಿ 15 ಮಿಲಿಮೀಟರ್ ಅಥವಾ ಹೆಚ್ಚು ನೆನೆದರೆ ಸರಿ. ಕಣ್ಣು ಕೆಂಪಾಗಿ, ಜೊತೆಗೆ ಊಟ ಬಿಟ್ಟಿದ್ದರೆ ಮೈಮೇಲೆ ಉಣ್ಣೆ ಹುಡುಕಿ. ಉಣ್ಣೆ ಕಚ್ಚಿ ಬರುವ ಜ್ವರವೂ ಕಣ್ಣಿಗೆ ತಗಲುತ್ತದೆ.

ಇನ್ನು ವಯಸ್ಸಾದ ನಾಯಿ. ಏಳೆಂಟು ವರ್ಷ ದಾಟಿದ ಮೇಲೆ ಪಾಪೆಯೊಳಗೆ ತೆಳು ನೀಲಿ ಮಂಜು ಕಾಣುತ್ತದೆ. ಬಹಳಷ್ಟು ಸಲ ಅದು ಪೊರೆ ಅಲ್ಲ. ನಮ್ಮ ಕೂದಲು ನರೆತ ಹಾಗೆ, ಕಣ್ಣಿನ ಮಸೂರಕ್ಕೆ ವಯಸ್ಸಾದದ್ದು. ನಾಯಿಗೆ ಕಣ್ಣು ಕಾಣುತ್ತದೆ. ನಿಜವಾದ ಪೊರೆ ಬಂದರೆ ಆಪರೇಷನ್ ಒಂದೇ ದಾರಿ. ‘ಪೊರೆ ಕರಗಿಸುವ ಡ್ರಾಪ್ಸ್’ ಅಂತ ಮಾರುತ್ತಾರಲ್ಲ, ಅದರಿಂದ ಕರಗುವುದು ನಿಮ್ಮ ದುಡ್ಡು.

ಹಂತ 2: ಒರೆಸಿ

ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ತನ್ನಿ. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರಾದರೂ ಸಾಕು. ಗಾಜ್ ಬಟ್ಟೆ ನೆನೆಸಿ ಒಣಗಿದ ಪಿಸುರಿನ ಮೇಲೆ ಅರ್ಧ ನಿಮಿಷ ಇಡಿ, ಆಮೇಲೆ ಒರೆಸಿ. ಒಂದೊಂದು ಕಣ್ಣಿಗೆ ಒಂದೊಂದು ತುಂಡು. ಹತ್ತಿ ಬೇಡ, ಎಳೆ ಒಳಗೆ ಉಳಿಯುತ್ತದೆ. ಹರಳೆಣ್ಣೆ, ಅರಿಸಿನ, ನಂದಿಬಟ್ಟಲು ರಸ, ಬಾಣಂತಿಯ ಹಾಲು ಯಾವುದೂ ಬೇಡ. ಹುಲ್ಲಿನ ಊಬು ಚುಚ್ಚಿಕೊಂಡಿದ್ದರೆ ಚಿಮಟ ಹಾಕಿ ಕೀಳಲು ಹೋಗಬೇಡಿ.

ಹಂತ 3ಕ್ಕೆ ಮೊದಲು, ಬಾಟಲಿ ಓದಿ

ಇಲ್ಲಿ ನನ್ನ ತಪ್ಪನ್ನೇ ಹೇಳುತ್ತೇನೆ. 8 ವರ್ಷದ ಹಿಂದೆ ನಮ್ಮ ನಾಯಿ ಕರಿಯ ಕಣ್ಣು ಮುಚ್ಚಿಕೊಂಡು ಕೂತಾಗ, ನನಗೆ ಮದ್ರಾಸ್ ಐ ಬಂದಿದ್ದಾಗಿನ ಡ್ರಾಪ್ಸ್ ಮನೆಯಲ್ಲಿತ್ತು. ಸುಮ್ನೆ ಅದನ್ನೇ ಬಿಟ್ಟೆ. ಮೊದಲ ದಿನ ಕೆಂಪು ಇಳಿಯಿತು, ನನಗೆ ಖುಷಿ. ಮೂರನೇ ದಿನ ಕಣ್ಣು ಬೆಳ್ಳಗಾಯಿತು. ಡಾಕ್ಟ್ರು ಫ್ಲೂರೆಸೀನ್ ಬಣ್ಣ ಹಚ್ಚಿ ನೀಲಿ ಬೆಳಕು ಬಿಟ್ಟರು. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರದ ಮೇಲೆ ಒಂದು ಜಾಗ ಹಸಿರಾಗಿ ಹೊಳೆಯಿತು. ಅಲ್ಲಿ ಹುಣ್ಣಿತ್ತು. ನಾನು ಹಾಕಿದ್ದು ಸ್ಟೀರಾಯ್ಡ್. ಹುಣ್ಣಿನ ಮೇಲೆ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದಿಲ್ಲ, ಇನ್ನೂ ಆಳಕ್ಕೆ ಹೋಗುತ್ತದೆ, ಕಣ್ಣು ತೂತಾಗಲೂಬಹುದು. ಕರಿಯನ ಕಣ್ಣು ಉಳಿಯಿತು, ಕಲೆ ಹೋಗಲಿಲ್ಲ.

ಅದಕ್ಕೇ ಔಷಧದ ಹೆಸರು ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಥರ ‘ಸೋನ್’, ‘ಸೊಲೋನ್’ ಅಂತ ಮುಗಿದರೆ, ಆ ಬಣ್ಣದ ಪರೀಕ್ಷೆ ಆಗದೆ ಹಾಕಬೇಡಿ. ಕೌಂಟರಿನಲ್ಲಿ ನಿಂತವರು ‘ಏನೂ ಆಗಲ್ಲ, ಹಾಕಿ ಸರ್’ ಅಂದರೂ ಹಾಕಬೇಡಿ.

ಹಂತ 3: ಹನಿ ಹಾಕುವುದು

ಎಲ್ಲರೂ ಎಡವುವುದು ಇಲ್ಲೇ. ನಾವು ಎದುರಿಗೆ ಕೂತು, ಬಾಟಲಿಯನ್ನು ಅದರ ಕಣ್ಣಿನ ಕಡೆಗೇ ತರುತ್ತೇವೆ. ಮುಖಕ್ಕೆ ಏನೋ ನುಗ್ಗಿ ಬಂದರೆ ಯಾವ ಪ್ರಾಣಿ ತಾನೇ ಸುಮ್ಮನಿರುತ್ತದೆ?

ನೀವು ನಾಯಿಯ ಹಿಂದೆ ಇರಬೇಕು. ದೊಡ್ಡ ನಾಯಿಯಾದರೆ ನೆಲದ ಮೇಲೆ ಮಂಡಿಯೂರಿ, ಅದನ್ನು ನಿಮ್ಮ ಎರಡು ತೊಡೆ ನಡುವೆ ಕೂರಿಸಿ. ಇಬ್ಬರ ಮುಖವೂ ಒಂದೇ ಕಡೆ ಇರಲಿ. ಅದು ಹಿಂದಕ್ಕೆ ಸರಿದರೆ ನಿಮ್ಮ ಹೊಟ್ಟೆಗೇ ಒರಗುತ್ತದೆ, ಬೇರೆಲ್ಲಿಗೂ ಹೋಗಲಾಗುವುದಿಲ್ಲ. ಚಿಕ್ಕ ನಾಯಿಯನ್ನು ಟೇಬಲ್ ಮೇಲೆ ಕೂರಿಸಬಹುದು, ಕೆಳಗೆ ಗೋಣಿಚೀಲ ಹಾಸಿ. ಕಾಲು ಜಾರಿದರೆ ಅರ್ಧ ಗಾಬರಿ ಅದರಿಂದಲೇ.

ಬಾಟಲಿಯ ಮುಚ್ಚಳ ಮೊದಲೇ ತೆಗೆದಿಡಿ. ಫ್ರಿಡ್ಜಿನಿಂದ ತೆಗೆದದ್ದಾದರೆ ಮುಷ್ಟಿಯಲ್ಲಿ ಒಂದೆರಡು ನಿಮಿಷ ಬೆಚ್ಚಗೆ ಮಾಡಿ.

ಎಡಗೈ ಗದ್ದದ ಕೆಳಗೆ. ಮೂಗು ಸೂರಿನ ಕಡೆ ತಿರುಗುವ ಹಾಗೆ ತಲೆ ಎತ್ತಿ. ಅದೇ ಕೈಯ ಹೆಬ್ಬೆರಳಿನಿಂದ ಕೆಳರೆಪ್ಪೆ ಸ್ವಲ್ಪ ಎಳೆಯಿರಿ. ಬಲಗೈಯಲ್ಲಿ ಬಾಟಲಿ. ಇಡೀ ಕೆಲಸದ ಗುಟ್ಟು ಈ ಬಲಗೈಯಲ್ಲಿದೆ. ಅದನ್ನು ಗಾಳಿಯಲ್ಲಿ ತೂಗಾಡಿಸಬೇಡಿ. ಅಂಗೈಯ ಬುಡವನ್ನು ನಾಯಿಯ ಹಣೆ ಮೇಲೆ ಊರಿ, ಮೇಲ್ರೆಪ್ಪೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ. ಆಗ ನಾಯಿ ತಲೆ ಅಲ್ಲಾಡಿಸಿದರೆ ಕೈಯೂ ಜೊತೆಗೇ ಅಲ್ಲಾಡುತ್ತದೆ, ತುದಿ ಕಣ್ಣಿಗೆ ಚುಚ್ಚುವುದಿಲ್ಲ. ಬಾಟಲಿ ತಲೆಯ ಹಿಂದಿನಿಂದ ಬಂದದ್ದರಿಂದ ಅದಕ್ಕೆ ಕಾಣುವುದೂ ಇಲ್ಲ. ಕಣ್ಣಿಗಿಂತ ಒಂದೆರಡು ಸೆಂಟಿಮೀಟರ್ ಮೇಲಿಂದ ಬಿಳಿಗುಡ್ಡೆಯ ಮೇಲೆ ಒಂದು ಹನಿ ಬಿಡಿ.

ಒಂದೇ. ಕಣ್ಣು ಹಿಡಿಯುವುದು ಅಷ್ಟೇ, ಎರಡನೆಯದು ಕೆನ್ನೆ ಮೇಲೆ ಇಳಿದು ಹೋಗುತ್ತದೆ. ಮೂಗನ್ನು ಹತ್ತು ಎಣಿಸುವಷ್ಟು ಹೊತ್ತು ಮೇಲೇ ಹಿಡಿದಿರಿ.

ಪಗ್, ಶಿಟ್ಜು ಸಾಕಿದವರು ಕೊರಳಪಟ್ಟಿ ಹಿಡಿದು ಎಳೆಯಬೇಡಿ, ಕತ್ತು ಅಮುಕಬೇಡಿ. ಇವುಗಳ ಕಣ್ಣಿನ ಗೂಡು ಆಳವಿಲ್ಲ, ಗುಡ್ಡೆ ಹೊರಗೇ ಬಂದುಬಿಡಬಹುದು. ಹಾಗಾದರೆ ಒಳಕ್ಕೆ ನೂಕಬೇಡಿ. ಸಲೈನಿನಲ್ಲಿ ನೆನೆಸಿದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಓಡಿ.

ಎರಡು ಬಗೆ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಮುಲಾಮು ಯಾವಾಗಲೂ ಕೊನೆಗೆ, ಕೆಳರೆಪ್ಪೆಯೊಳಗೆ ಒಂದು ಅಕ್ಕಿಕಾಳಿನಷ್ಟು. ಪಾಪೆ ಹಿಗ್ಗಿಸುವ ಅಟ್ರೋಪಿನ್ ಹನಿ ಹಾಕಿದಾಗ ನಾಯಿ ಬಾಯಲ್ಲಿ ನೊರೆ ಬಂದರೆ ಹೆದರಬೇಡಿ. ಔಷಧ ಕಣ್ಣಿಂದ ಮೂಗಿಗೆ, ಅಲ್ಲಿಂದ ಬಾಯಿಗೆ ಇಳಿದಿರುತ್ತದೆ, ಸಿಕ್ಕಾಪಟ್ಟೆ ಕಹಿ. ಪಾಪೆಯೂ ದೊಡ್ಡದಾಗಿರುತ್ತದೆ, ಬಿಸಿಲಿಗೆ ಬಿಡಬೇಡಿ.

ಮುಗಿದ ತಕ್ಷಣ ಏನಾದರೂ ಲಂಚ ಕೊಡಿ. ನಾನು ಕೊಡುವುದು ನಾಲ್ಕು ಕಾಳು ಮಂಡಕ್ಕಿ. ಬರೀ ಮಂಡಕ್ಕಿ ಮತ್ತೆ, ಒಗ್ಗರಣೆಯದಲ್ಲ. ಈರುಳ್ಳಿ ನಾಯಿಗೆ ವಿಷ.

ಹಂತ 4: ಆಮೇಲೆ

ಕಣ್ಣು ಉಜ್ಜಿಕೊಳ್ಳದ ಹಾಗೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿ. ‘ಪಾಪ’ ಅಂತ ರಾತ್ರಿ ಬಿಚ್ಚಬೇಡಿ, ಉಜ್ಜಿಕೊಳ್ಳುವುದು ರಾತ್ರಿಯೇ ಜಾಸ್ತಿ. ಕೆಂಪು ಹೋಯಿತು ಅಂತ, ಡಾಕ್ಟ್ರು ಹೇಳಿದ ದಿನಕ್ಕಿಂತ ಮುಂಚೆ ಔಷಧ ನಿಲ್ಲಿಸಬೇಡಿ. ಬಾಟಲಿ ತೆರೆದ ತಾರೀಖನ್ನು ಪೆನ್ನಿನಿಂದ ಅದರ ಮೇಲೇ ಬರೆಯಿರಿ. ತಿಂಗಳಾದರೆ ಎಸೆದುಬಿಡಿ. ಮುಂದಿನ ಸಲಕ್ಕೆ ಆಗುತ್ತೆ ಅಂತ ಫ್ರಿಡ್ಜ್ ಬಾಗಿಲಲ್ಲಿ ನಿಲ್ಲಿಸಬೇಡಿ, ನನ್ನ ಹಾಗೆ.