ಕ್ಲೈಂಟ್ ಹೆಸರು, ವಿಳಾಸ, ಮೊಬೈಲ್ ಬದಲಾಯಿತೇ? ತಿದ್ದುವುದಕ್ಕೂ ಒಂದು ಕ್ರಮವಿದೆ

ಅಂಗಡಿ ಹೊಸ ಕಟ್ಟಡಕ್ಕೆ ಹೋಗಿ ಮೂರು ತಿಂಗಳಾದ ಮೇಲೆ ಆಡಿಟರ್ ಆಫೀಸಿಗೆ ಸುದ್ದಿ ಮುಟ್ಟುತ್ತದೆ, ಅದೂ ಬಿಲ್ ಕಟ್ಟು ಕೊಡಲು ಬಂದ ಹುಡುಗನ ಬಾಯಿಂದ. ಬದಲಾವಣೆಯಾದ ಮೇಲೆ ತಿದ್ದುಪಡಿ ಅರ್ಜಿ ಹಾಕಲು ಜಿಎಸ್‌ಟಿ ಕಾನೂನು ಕೊಟ್ಟಿರುವ ಗಡುವು 15 ದಿನ. ಗಡಿಬಿಡಿಯಲ್ಲಿ ಎಲ್ಲಿ ಸುಲಭವೋ ಅಲ್ಲಿ ಮೊದಲು ತಿದ್ದಲು ಹೊರಡುತ್ತೇವೆ. ಅರ್ಜಿ ತಿರಸ್ಕಾರವಾಗುವುದು ಬಹುತೇಕ ಅಲ್ಲೇ. ಆಧಾರ್, ಪ್ಯಾನ್, ಆದಾಯ ತೆರಿಗೆ ಪೋರ್ಟಲ್, ಬ್ಯಾಂಕ್, ಜಿಎಸ್‌ಟಿ ಬೇರೆ ಬೇರೆ ಕಡತಗಳು. ಒಂದರಲ್ಲಿ ತಿದ್ದಿದ್ದು ಸಾಮಾನ್ಯವಾಗಿ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಆದರೆ ಹೆಸರನ್ನು ತಾಳೆ ನೋಡುವಾಗ ಮಾತ್ರ ಒಂದು ಇನ್ನೊಂದರ ಮುಖ ನೋಡುತ್ತದೆ. ಹಾಗಾಗಿ ಹೆಸರಿನ ವಿಷಯದಲ್ಲಿ ಆಧಾರ್ ಮೊದಲು, ಪ್ಯಾನ್ ಆಮೇಲೆ, ಉಳಿದದ್ದೆಲ್ಲ ಅದರ ನಂತರ.

ಇದು ತಿದ್ದುಪಡಿಯೋ, ಹೊಸ ನೋಂದಣಿಯೋ?

ಕೆಲಸಕ್ಕೆ ಕೈಹಾಕುವ ಮೊದಲು ಜಿಎಸ್‌ಟಿ ಸಂಖ್ಯೆಯನ್ನೇ ಒಮ್ಮೆ ನೋಡಿ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರ ಪ್ಯಾನ್. ಈ ಹನ್ನೆರಡರಲ್ಲಿ ಏನಾದರೂ ಬದಲಾಗುವಂತಿದ್ದರೆ ತಿದ್ದುಪಡಿ ಅರ್ಜಿಗೆ ದಾರಿಯಿಲ್ಲ, ಹೊಸ ನೋಂದಣಿಯೇ ಆಗಬೇಕು. ವ್ಯಾಪಾರ ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋದರೆ ತಿದ್ದುಪಡಿ ಸಾಕು, ಸೊಲ್ಲಾಪುರಕ್ಕೆ ಹೋದರೆ ಸಾಲದು. ಒಬ್ಬರ ಮಾಲೀಕತ್ವದ ಅಂಗಡಿ ಅಣ್ಣತಮ್ಮಂದಿರ ಪಾಲುದಾರಿಕೆಯಾದರೆ ಪ್ಯಾನ್ ಬದಲಾಗುತ್ತದೆ. ಪ್ಯಾನ್‌ನ ನಾಲ್ಕನೇ ಅಕ್ಷರ ವ್ಯಕ್ತಿಗೆ ‘ಪಿ’, ಪಾಲುದಾರಿಕೆ ಸಂಸ್ಥೆಗೆ ‘ಎಫ್’. ಮಾಲೀಕರು ತೀರಿಕೊಂಡು ಮಗ ಅಂಗಡಿ ನಡೆಸಿದರೂ ಅಷ್ಟೇ: ಮಗನ ಹೆಸರಿನಲ್ಲಿ ಹೊಸ ನೋಂದಣಿ, ಹಳೆಯ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲೆ ಕಟ್ಟಿದ, ಮುಂದೆ ಹೊಂದಿಸಿಕೊಳ್ಳಬಹುದಾದ ತೆರಿಗೆ) ವರ್ಗಾವಣೆಗೆ ಐಟಿಸಿ-02 ನಮೂನೆ.

ಹೆಸರು: ಇನಿಷಿಯಲ್ ತಂದಿಡುವ ತಲೆನೋವು

ನಮ್ಮಲ್ಲಿ ಹೆಸರಿನ ಮುಂದೆ ಊರು, ತಂದೆಯ ಹೆಸರು ಎರಡೂ ಇನಿಷಿಯಲ್ ಆಗಿ ಕೂರುತ್ತವೆ. ಪ್ಯಾನ್ ಅರ್ಜಿ ಮೊದಲ ಹೆಸರಿನಲ್ಲೂ ಕೊನೆಯ ಹೆಸರಿನಲ್ಲೂ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಪೂರ್ತಿ ಹೆಸರು ಎಂದಾದರೆ ಎರಡೂ ತಾಳೆಯಾಗುವುದಿಲ್ಲ. ಮಂಜುನಾಥ ಎಂಬ ಹೆಸರಿನ ಕೊನೆಗೆ ಇಂಗ್ಲಿಷಿನ ‘ಎ’ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ಅದೇ ಪಾಡು. ಆದ್ದರಿಂದ ಮೊದಲು ಆಧಾರ್‌ನಲ್ಲಿ ಹೆಸರನ್ನು ಬಿಡಿಸಿ ಬರೆಸಿ, ಆಮೇಲೆ ಅದೇ ಅಕ್ಷರಗಳನ್ನು ಪ್ಯಾನ್ ಅರ್ಜಿಗೆ ಇಳಿಸಿ.

ಪ್ಯಾನ್ ತಿದ್ದುಪಡಿಯನ್ನು ಪ್ಯಾನ್ ಅರ್ಜಿ ಸ್ವೀಕರಿಸುವ ಸಂಸ್ಥೆಗಳಾದ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಮೂಲಕ ಸಲ್ಲಿಸಬೇಕು. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಇರುವ ಸಂಖ್ಯೆಗೇ ತಿದ್ದುಪಡಿ ಕೇಳಿ. ಅರ್ಜಿಯಲ್ಲಿ ಪ್ರತಿ ಸಾಲಿನ ಎಡಕ್ಕೆ ಒಂದು ಚಿಕ್ಕ ಚೌಕವಿದೆ. ಬದಲಾಗಬೇಕಾದ ಸಾಲಿಗೆ ಅಲ್ಲಿ ಟಿಕ್ ಹಾಕದಿದ್ದರೆ, ಹೊಸ ಹೆಸರನ್ನು ಎಷ್ಟೇ ಅಂದವಾಗಿ ತುಂಬಿದ್ದರೂ ಅದನ್ನು ತಿದ್ದುಪಡಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಪದದ ಹೆಸರಿದ್ದರೆ ಅದು ಕೊನೆಯ ಹೆಸರಿನ ಅಂಕಣಕ್ಕೆ ಹೋಗಬೇಕು, ಮೊದಲ ಅಂಕಣ ಖಾಲಿ ಇರಲಿ. ಮದುವೆಯ ನಂತರ ಹೆಸರು ಬದಲಿಸಿಕೊಂಡವರು ವಿವಾಹ ನೋಂದಣಿ ಪತ್ರವನ್ನೋ ಗೆಜೆಟ್ ಪ್ರಕಟಣೆಯನ್ನೋ ಲಗತ್ತಿಸುತ್ತಾರೆ. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರೆಯುವುದು ಹಳೆಯ ತಪ್ಪು.

ಪ್ಯಾನ್ ದಾಖಲೆಯಲ್ಲಿ ಹೊಸ ಹೆಸರು ಬಂದಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನ ಪ್ಯಾನ್ ಸ್ಥಿತಿ ಪರಿಶೀಲನೆಯಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಪೋರ್ಟಲ್‌ನ ಪ್ರೊಫೈಲ್‌ನಲ್ಲಿ ಹೆಸರು, ಜನ್ಮದಿನಾಂಕ ತಿದ್ದಲು ಜಾಗವೇ ಇಲ್ಲ, ಅವು ಪ್ಯಾನ್‌ನಿಂದಲೇ ಬರುತ್ತವೆ. ಜಿಎಸ್‌ಟಿಯ ಕಾನೂನಾತ್ಮಕ ಹೆಸರೂ (ಅಂಗಡಿಯ ಫಲಕದ ಹೆಸರಲ್ಲ, ಲೀಗಲ್ ನೇಮ್) ಪ್ಯಾನ್‌ನೊಂದಿಗೆ ತಾಳೆಯಾಗಬೇಕು. ಬ್ಯಾಂಕ್‌ನಲ್ಲೂ ಹೆಸರು ತಿದ್ದಿಸಿ ಖಾತೆಯನ್ನು ಮತ್ತೆ ಮೌಲ್ಯೀಕರಿಸದಿದ್ದರೆ ರೀಫಂಡ್ ಅಲ್ಲೇ ನಿಲ್ಲುತ್ತದೆ.

ವಿಳಾಸ: ಜಿಎಸ್‌ಟಿ ಪೋರ್ಟಲ್‌ನಲ್ಲಿ

ಸರ್ವೀಸಸ್, ರಿಜಿಸ್ಟ್ರೇಷನ್, ಅಲ್ಲಿಂದ ‘ಅಮೆಂಡ್‌ಮೆಂಟ್ ಆಫ್ ರಿಜಿಸ್ಟ್ರೇಷನ್ ಕೋರ್ ಫೀಲ್ಡ್ಸ್’. ಮುಖ್ಯ ವ್ಯಾಪಾರ ಸ್ಥಳ, ಹೆಚ್ಚುವರಿ ಗೋದಾಮು, ಕಾನೂನಾತ್ಮಕ ಹೆಸರು, ಪಾಲುದಾರರು ಅಥವಾ ನಿರ್ದೇಶಕರ ಸೇರ್ಪಡೆ, ನಿರ್ಗಮನ ಕೋರ್ ಗುಂಪಿಗೆ ಸೇರುತ್ತವೆ, ಅಧಿಕಾರಿಯ ಒಪ್ಪಿಗೆ ಬೇಕು. ಬ್ಯಾಂಕ್ ಖಾತೆಯಂಥವು ನಾನ್-ಕೋರ್, ಸಲ್ಲಿಸಿದ ಕೂಡಲೇ ಬದಲಾಗುತ್ತವೆ.

ಸ್ವಂತ ಕಟ್ಟಡವಾದರೆ ಆಸ್ತಿ ತೆರಿಗೆ ರಸೀದಿ, ಖಾತಾ ಪ್ರತಿ ಅಥವಾ ವಿದ್ಯುತ್ ಬಿಲ್. ಬಾಡಿಗೆಯದಾದರೆ ಕರಾರು ಪತ್ರ, ಜೊತೆಗೆ ಮಾಲೀಕರ ಹೆಸರಿನ ಇಂಥದ್ದೇ ಒಂದು ದಾಖಲೆ. ವಿದ್ಯುತ್ ಬಿಲ್ ತೀರಿಹೋದ ತಾತನ ಹೆಸರಿನಲ್ಲಿ, ಕರಾರಿಗೆ ಸಹಿ ಮೊಮ್ಮಗನದ್ದು, ಇಬ್ಬರ ನಡುವಿನ ಸಂಬಂಧಕ್ಕೆ ಕಾಗದವಿಲ್ಲ: ಇಂಥ ಅರ್ಜಿಗೆ ಪ್ರಶ್ನೆ ಬಂದೇ ಬರುತ್ತದೆ. ಅರ್ಜಿಯಲ್ಲಿನ ಮನೆ ಸಂಖ್ಯೆ, ಅಡ್ಡರಸ್ತೆ, ಪಿನ್ ಕೋಡ್ ಮೂರೂ ದಾಖಲೆಯಲ್ಲಿ ಇದ್ದಂತೆಯೇ ಇರಲಿ.

ತಿದ್ದುಪಡಿ ಅರ್ಜಿಯ ನಮೂನೆಯಾದ ಆರ್‌ಇಜಿ-14 ಸಲ್ಲಿಕೆಯಾದ ಮೇಲೆ ಅಧಿಕಾರಿಗೆ 15 ಕೆಲಸದ ದಿನ. ಒಪ್ಪಿದರೆ ಆರ್‌ಇಜಿ-15 ಆದೇಶ, ಸಂದೇಹವಿದ್ದರೆ ಆರ್‌ಇಜಿ-03 ನೋಟಿಸ್. ನೋಟಿಸ್‌ಗೆ 7 ಕೆಲಸದ ದಿನಗಳೊಳಗೆ ಆರ್‌ಇಜಿ-04ರಲ್ಲಿ ಉತ್ತರಿಸಬೇಕು. ಅಧಿಕಾರಿ ಗಡುವಿನೊಳಗೆ ಏನೂ ಮಾಡದಿದ್ದರೆ ಒಪ್ಪಿಗೆ ಸಿಕ್ಕಿದೆ ಎಂದೇ ಅರ್ಥ. ತಡಮಾಡಿದವರಿಗೆ ಇನ್ನೊಂದು ಪೆಟ್ಟಿದೆ: ಆಯುಕ್ತರ ಆದೇಶವಿಲ್ಲದೆ ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನ ದಿನಾಂಕದಿಂದ ಬದಲಾವಣೆ ಜಾರಿಗೆ ಬರುವುದಿಲ್ಲ. ಆ ನಡುವಿನ ತಿಂಗಳುಗಳಲ್ಲಿ ಸರಕು ಇದ್ದದ್ದು ನೋಂದಣಿಯಲ್ಲೇ ಇಲ್ಲದ ಜಾಗದಲ್ಲಿ. ಅಧಿಕಾರಿ ಹಳೆಯ ವಿಳಾಸಕ್ಕೆ ಬಂದು ಬೀಗ ಕಂಡರೆ, ನೋಂದಣಿ ಏಕೆ ರದ್ದು ಮಾಡಬಾರದು ಎಂಬ ಆರ್‌ಇಜಿ-17 ನೋಟಿಸ್ ಹೊರಡಬಹುದು.

ಈ ಅರ್ಜಿಯನ್ನು ಕ್ಲೈಂಟ್ ಪರವಾಗಿ ಜಿಎಸ್‌ಟಿ ಪ್ರಾಕ್ಟೀಷನರ್ (ನೋಂದಾಯಿತ ಸಲಹೆಗಾರ) ಸಲ್ಲಿಸಬಹುದು. ಆದರೆ ಅದಕ್ಕೆ ಮೊದಲು ಕ್ಲೈಂಟ್ ಪಿಸಿಟಿ-05 ನಮೂನೆಯಲ್ಲಿ ಅಧಿಕಾರ ಕೊಟ್ಟಿರಬೇಕು. ಅಷ್ಟೇ ಅಲ್ಲ, ಜಿಎಸ್‌ಟಿಯ 83ನೇ ನಿಯಮದ ಪ್ರಕಾರ ತಿದ್ದುಪಡಿ, ರದ್ದತಿ, ರೀಫಂಡ್ ಅರ್ಜಿಗಳಿಗೆ ಕ್ಲೈಂಟ್ ಪ್ರತ್ಯೇಕವಾಗಿ ಒಪ್ಪಿಗೆ ನೀಡುವ ತನಕ ಅವು ಮುಂದೆ ಹೋಗುವುದಿಲ್ಲ. ‘ಸಲ್ಲಿಸಿದ್ದೇನೆ’ ಎಂದು ಫೋನ್ ಇಟ್ಟುಬಿಡಬೇಡಿ. ಅವರು ಒಪ್ಪಿಗೆ ಕೊಟ್ಟದ್ದು ಖಾತ್ರಿಯಾದ ಮೇಲೆ ಫೈಲ್ ಮುಚ್ಚಿ.

ಮೊಬೈಲ್ ಯಾರದ್ದು?

ನೋಂದಣಿ ಮಾಡುವಾಗ ಒಟಿಪಿಗಾಗಿ ಪದೇ ಪದೇ ಫೋನ್ ಮಾಡುವುದು ಬೇಡವೆಂದು ಸಲಹೆಗಾರರು ತಮ್ಮದೇ ನಂಬರ್, ಇಮೇಲ್ ಹಾಕಿಬಿಡುವುದುಂಟು. ಅಂದಿನ ಅನುಕೂಲ ಮುಂದೆ ಇಬ್ಬರಿಗೂ ಕುತ್ತಾಗುತ್ತದೆ: ನೋಟಿಸ್ ಕ್ಲೈಂಟ್‌ಗೆ ತಲುಪುವುದಿಲ್ಲ, ಅವರು ಆಡಿಟರ್ ಬದಲಿಸಿದರೆ ಖಾತೆಯ ಕೀಲಿಕೈ ಹಳಬರ ಜೇಬಿನಲ್ಲೇ ಉಳಿಯುತ್ತದೆ.

ಲಾಗಿನ್ ಕೈಯಲ್ಲಿದ್ದರೆ ನಾನ್-ಕೋರ್ ತಿದ್ದುಪಡಿಯಲ್ಲಿ ಅಧಿಕೃತ ಸಹಿದಾರರ ನಂಬರ್, ಇಮೇಲ್ ಬದಲಿಸಬಹುದು. ಆನ್‌ಲೈನ್‌ನಲ್ಲಿ ಒಟಿಪಿಯಿಂದ ದೃಢಪಡಿಸಬೇಕು. ಹಳೆಯ ನಂಬರ್ ಸಿಗುತ್ತಿಲ್ಲ, ಪಾಸ್‌ವರ್ಡೂ ಇಲ್ಲ ಎಂದರೆ ಕ್ಲೈಂಟ್ ಸ್ವತಃ ದಾಖಲೆಗಳೊಂದಿಗೆ ತಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಯ ಬಳಿ ಹೋಗಬೇಕು. ಅಧಿಕಾರಿ ಹೊಸ ಇಮೇಲ್, ಮೊಬೈಲ್ ದಾಖಲಿಸಿ ತಾತ್ಕಾಲಿಕ ಪಾಸ್‌ವರ್ಡ್ ಹೊರಡಿಸುತ್ತಾರೆ. ಅದರಿಂದ ಮೊದಲ ಬಾರಿ ಲಾಗಿನ್ ಆಗುವವರಂತೆ ಒಳಹೋಗಿ ಹೊಸ ಬಳಕೆದಾರ ಹೆಸರು, ಪಾಸ್‌ವರ್ಡ್ ಇಟ್ಟುಕೊಳ್ಳಬೇಕು.

ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೈ ಪ್ರೊಫೈಲ್‌ನ ಸಂಪರ್ಕ ವಿವರದಲ್ಲಿ ತಿದ್ದಿ. ಮೊಬೈಲ್‌ಗೊಂದು, ಇಮೇಲ್‌ಗೊಂದು ಒಟಿಪಿ ಬರುತ್ತದೆ, 15 ನಿಮಿಷ ಚಾಲ್ತಿಯಲ್ಲಿರುತ್ತದೆ. ಕ್ಲೈಂಟ್ ಫೋನ್ ಹಿಡಿದು ಕೂತಿರುವಾಗಲೇ ಈ ಕೆಲಸಕ್ಕೆ ಕೈಹಾಕಿ. ಪ್ರೊಫೈಲ್‌ನಲ್ಲಿ ವಿಳಾಸ ಬದಲಿಸಿದರೆ ಪ್ಯಾನ್ ದಾಖಲೆಯ ವಿಳಾಸ ಬದಲಾಗುವುದಿಲ್ಲ, ಅದಕ್ಕೆ ಬೇರೆ ಅರ್ಜಿ.

ಮರೆತುಹೋಗುವವು

ಒಪ್ಪಿಗೆ ಬಂದ ಮೇಲೆ ತಿದ್ದಿದ ಆರ್‌ಇಜಿ-06 ನೋಂದಣಿ ಪ್ರಮಾಣಪತ್ರ ಇಳಿಸಿಕೊಂಡು ಹೊಸ ಅಂಗಡಿಯಲ್ಲಿ ತೂಗುಹಾಕಿಸಿ. ಹೊರಗಿನ ಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು. ಬಿಲ್ ಸಾಫ್ಟ್‌ವೇರ್‌ನಲ್ಲಿ, ಇ-ವೇ ಬಿಲ್‌ನ (ಸರಕು ಸಾಗಿಸುವಾಗಿನ ದಾಖಲೆ) ರವಾನೆ ಸ್ಥಳದಲ್ಲಿ ಹಳೆಯ ವಿಳಾಸ ಕುಳಿತಿರುತ್ತದೆ, ಅದನ್ನೂ ಬದಲಿಸಿ. ಟಿಡಿಎಸ್ (ಪಾವತಿಯಲ್ಲೇ ತೆರಿಗೆ) ಕಡಿತ ಮಾಡುವವರಾದರೆ ಟ್ಯಾನ್, ಅಂದರೆ ಹಾಗೆ ಕಡಿತ ಮಾಡುವವರ ಸಂಖ್ಯೆಯ, ತಿದ್ದುಪಡಿ ಬೇರೆಯೇ ಆಗಬೇಕು. ಮುಂದಿನ ಟಿಡಿಎಸ್ ರಿಟರ್ನ್‌ನಲ್ಲಿ ‘ಕಳೆದ ಬಾರಿಯಿಂದ ವಿಳಾಸ ಬದಲಾಗಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎನ್ನಬೇಕು. ಕರ್ನಾಟಕದ ವೃತ್ತಿ ತೆರಿಗೆ ನೋಂದಣಿಗೂ ಜಿಎಸ್‌ಟಿ ತಿದ್ದುಪಡಿ ತಾನಾಗಿ ತಲುಪದು, ಅಲ್ಲಿಗೂ ಪ್ರತ್ಯೇಕವಾಗಿ ತಿಳಿಸಬೇಕು.