ಪುಟ್ಟ ನಾಯಿಗೆ ಮನೆಯೊಳಗೆ ಯಾವ ಜಾಗ, ಯಾವ ಹಾಸು?

ತುಮಕೂರಿನಲ್ಲಿ ಈಗ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲೂ ಒಂದು ಶಿಟ್ಜುವೋ, ಪಗ್ಗೋ, ಪಮೇರಿಯನ್ನೋ ಇರುತ್ತದೆ. ನಾವು ಚಿಕ್ಕವರಿದ್ದಾಗ ನಾಯಿಗೆ ಅಂಗಳ ಇತ್ತು, ಹಿತ್ತಲು ಇತ್ತು. ಅದರ ಪಾಡಿಗೆ ಅದು ಹೋಗಿ ಬರುತ್ತಿತ್ತು. ಈಗ ಮರಿ ಮನೆಗೆ ಬಂದು ವಾರ ಆಗುವಷ್ಟರಲ್ಲಿ ಬೀದಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. "ಅಜ್ಜಿ, ಹಾಲ್ ತುಂಬಾ ಉಚ್ಚೆ ಹುಯ್ಯುತ್ತೆ, ಗದರಿದರೂ ಕೇಳಲ್ಲ" ಅಂತಾರೆ. ಗದರೋದು ಆಮೇಲೆ, ಮೊದಲು ಅದಕ್ಕೆ ಒಂದು ಜಾಗ ಅಂತ ಕೊಟ್ಟಿದ್ದೀರಾ ಅಂತ ನಾನು ಕೇಳುತ್ತೇನೆ. ಹೆಚ್ಚಿನವರು ಕೊಟ್ಟಿರುವುದಿಲ್ಲ.

ಹೊರಗೆ ಕರೆದುಕೊಂಡು ಹೋಗಿ ಕಲಿಸಬಾರದಾ ಅಂದರೆ, ದೊಡ್ಡದಾದ ಮೇಲೆ ಖಂಡಿತ ಕರೆದುಕೊಂಡು ಹೋಗಿ. ಆದರೆ ಮರಿಗೆ ಮೊದಲ ಲಸಿಕೆ ಬೀಳುವುದೇ 6ರಿಂದ 8 ವಾರಕ್ಕೆ. ಆಮೇಲೆ 3-4 ವಾರಕ್ಕೊಂದರಂತೆ ಸುಮಾರು 16 ವಾರ ಆಗುವವರೆಗೂ ಹಾಕಿಸಬೇಕು. ಅದು ಮುಗಿಯುವ ತನಕ ಬೀದಿ ನಾಯಿಗಳು ಓಡಾಡುವ ಮಣ್ಣಿನಲ್ಲಿ ಮರಿಯನ್ನು ಇಳಿಸಬೇಡಿ. ಪಾರ್ವೋ ಕಾಯಿಲೆಯ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಸಾಯದೆ ಉಳಿದಿರುತ್ತದೆ. ವಾಂತಿ, ರಕ್ತಭೇದಿ ಶುರುವಾದರೆ ಅಂಗೈಯಷ್ಟು ಮರಿ ಎರಡು ಮೂರು ದಿನದಲ್ಲೇ ಕೈಬಿಟ್ಟು ಹೋಗಬಹುದು. ಇನ್ನು ದೇವರಾಯನದುರ್ಗದ ಆಸುಪಾಸಿನ ತೋಟದ ಮನೆಗಳವರಿಗೆ ಚಿರತೆಯ ಭಯ ಬೇರೆ. ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ನಾಲ್ಕೈದು ಕೆಜಿ ತೂಗುವ ನಾಯಿಯನ್ನು ರಾತ್ರಿ ಹೊತ್ತು ಒಂಟಿಯಾಗಿ ಹೊರಗೆ ಬಿಡೋದು ಬೇಡವೇ ಬೇಡ.

ಇನ್ನೊಂದು ವಿಷಯ. ಪುಟ್ಟ ತಳಿಯ ಮೂತ್ರಚೀಲವೂ ಪುಟ್ಟದೇ. ಮರಿಗೆ ಎಷ್ಟು ತಿಂಗಳಾಗಿದೆಯೋ ಹೆಚ್ಚುಕಡಿಮೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ ಅಂತ ಒಂದು ಲೆಕ್ಕ ಇದೆ. ಎರಡು ತಿಂಗಳ ಮರಿಗೆ ಎರಡು ಗಂಟೆ, ಅದೂ ಮಲಗಿದ್ದರೆ. ಆಟದಲ್ಲಿದ್ದರೆ ಅರ್ಧ ಗಂಟೆಯೂ ತಡೆಯಲ್ಲ. ಪ್ರತಿ ಸಲವೂ ಎತ್ತಿಕೊಂಡು ಮೆಟ್ಟಿಲಿಳಿದು ಓಡೋಕೆ ಯಾರಿಗೆ ಆಗುತ್ತೆ?

ಹಾಗಾಗಿ ಮನೆಯೊಳಗೇ ಒಂದು ಜಾಗ ಬೇಕು. ಅದನ್ನು ಆರಿಸುವಾಗ ಒಂದು ಮಾತು ನೆನಪಿಡಿ. ನಾಯಿ ತನ್ನ ಕಕ್ಕಸಿನ ಜಾಗವನ್ನು ಗುರುತಿಟ್ಟುಕೊಳ್ಳೋದು ಮೂಗಿನಿಂದ ಮತ್ತು ಪಾದದಿಂದ. ಎರಡು ಎರಡೂವರೆ ತಿಂಗಳಿಗೇ ಮರಿಯ ಪಾದಕ್ಕೆ ಒಂದು ಅಭ್ಯಾಸ ಬಿದ್ದುಬಿಡುತ್ತದೆ. ಕಾಲ ಕೆಳಗೆ ಯಾವುದು ತಾಗಿದಾಗ ಹುಯ್ದು ರೂಢಿಯಾಯಿತೋ, ಮುಂದೆ ಅಂಥದ್ದನ್ನೇ ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಮನೆಯಲ್ಲಿ ಬೇರೆಲ್ಲೂ ಇಲ್ಲದ ಹಾಸನ್ನು ಕೊಡಿ. ನಾನು ಒಂದೊಂದು ವಿಧಾನವನ್ನೂ ಈ ಲೆಕ್ಕದಲ್ಲೇ ತೂಗುತ್ತೇನೆ.

ಎಲ್ಲರೂ ಮೊದಲು ಹಾಸೋದು ಹಳೇ ಪೇಪರ್. ಖರ್ಚಿಲ್ಲ, ಸುತ್ತಿ ಎಸೆಯಬಹುದು. ಮೊದಲ ಒಂದೆರಡು ವಾರಕ್ಕೆ ಪರವಾಗಿಲ್ಲ. ನಾಲ್ಕೈದು ಪದರ ಹಾಸಿ, ಬದಲಾಯಿಸುವಾಗ ಸ್ವಲ್ಪ ಒದ್ದೆಯಾದ ಒಂದು ಹಾಳೆಯನ್ನು ಅಡಿಯಲ್ಲಿ ಉಳಿಸಿ. ಆ ವಾಸನೆಗೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಆದರೆ ಪೇಪರಿಗೆ ಒಗ್ಗಿಕೊಂಡ ನಾಯಿಗೆ ಯಜಮಾನರು ಓದಿ ಕುರ್ಚಿಯ ಪಕ್ಕ ಬಿಟ್ಟ ಪೇಪರೂ ಒಂದೇ, ಮಕ್ಕಳ ಡ್ರಾಯಿಂಗ್ ಹಾಳೆಯೂ ಒಂದೇ. ಬಿಳಿ ಬಣ್ಣದ ಶಿಟ್ಜು ಆದರೆ ಪಾದಕ್ಕೆಲ್ಲ ಶಾಯಿ ಬೇರೆ ಹತ್ತುತ್ತದೆ.

ಅಂಗಡಿಯಲ್ಲಿ ಸಿಗುವ ಪ್ಯಾಡ್ ಅನುಕೂಲವೇ. ಒಳಗಿನ ಪುಡಿ ಉಚ್ಚೆಯನ್ನು ಹೀರಿ ಗಟ್ಟಿ ಮಾಡುತ್ತದೆ, ಅಡಿಯ ಪ್ಲಾಸ್ಟಿಕ್ ನೆಲಕ್ಕೆ ಇಳಿಯಲು ಬಿಡುವುದಿಲ್ಲ. 60ಕ್ಕೆ 60 ಸೆಂಟಿಮೀಟರಿನದು ಪುಟ್ಟ ನಾಯಿಗೆ ಸಾಕು. ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಮಾತ್ರ ಇರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಪ್ಯಾಡು ಮೆತ್ತಗಿರುತ್ತದೆ. ಮೆತ್ತಗಿನ ಕಾಲೊರೆಸು, ಬಚ್ಚಲ ಬಾಗಿಲ ಮ್ಯಾಟು, ನೆಲದಲ್ಲಿ ಬಿದ್ದ ಟವೆಲ್ಲು ಎಲ್ಲವೂ ಮರಿಯ ಪಾದಕ್ಕೆ ಪ್ಯಾಡೇ. ಕಲಿಯುವ ತನಕ ಅವನ್ನೆಲ್ಲ ಎತ್ತಿಡಿ. ಹಲ್ಲು ಬರುವ ವಯಸ್ಸಿನ ಮರಿ ಪ್ಯಾಡನ್ನು ಹರಿದು ಒಳಗಿನದನ್ನು ನುಂಗಿದರೆ ಅದು ಹೊಟ್ಟೆಯಲ್ಲಿ ಉಬ್ಬಿ ಅಪಾಯವಾಗುತ್ತದೆ. ಹರಿಯುವ ಮರಿಗೆ ಮೇಲೆ ಜಾಲರಿ ಇರುವ ಟ್ರೇ ತನ್ನಿ, ಪ್ಯಾಡು ಜಾಲರಿಯ ಕೆಳಗೆ ಹೋಗುತ್ತದೆ.

ಬಚ್ಚಲಲ್ಲೇ ಕಲಿಸಿದರೆ ನೀರು ಹುಯ್ದರೆ ಆಯ್ತಲ್ಲ ಅಂತ ಕೆಲವರು. ನನಗೆ ಇದು ಅಷ್ಟು ಇಷ್ಟವಿಲ್ಲ. ಒಂದು, ಬಾಗಿಲು ಯಾರಾದರೂ ಹಾಕಿಕೊಂಡರೆ ಮರಿಗೆ ದಾರಿ ಇಲ್ಲ. ಎರಡು, ಬಚ್ಚಲಿನ ಟೈಲ್ಸೂ ಹಾಲ್‌ನ ಟೈಲ್ಸೂ ಪಾದಕ್ಕೆ ಒಂದೇ. ಮೂರು, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಬಡಾವಣೆಗಳಲ್ಲಿ ದಿನಕ್ಕೆ ಎಂಟು ಸಲ ನೀರು ಹುಯ್ಯೋದು ಎಲ್ಲಿಂದ?

ನನ್ನ ಮನಸ್ಸಿಗೆ ಒಪ್ಪಿರುವುದು ಗರಿಕೆ ಟ್ರೇ. ನಾಯಿ ತಿರುಗಿ ನಿಲ್ಲುವಷ್ಟು ಅಗಲದ, ಎರಡು ಮೂರು ಇಂಚು ಅಂಚಿನ ಪ್ಲಾಸ್ಟಿಕ್ ಟ್ರೇ ತೆಗೆದುಕೊಳ್ಳಿ. ಅಡಿಯಲ್ಲಿ ಕಾದ ಮೊಳೆಯಿಂದ ತೂತು ಮಾಡಿ, ಕೆಳಗೆ ಇನ್ನೊಂದು ತಟ್ಟೆ ಇಡಿ. ಸಣ್ಣ ಜಲ್ಲಿಯ ಒಂದು ಪದರ, ಅದರ ಮೇಲೆ ಕೆಂಪುಮಣ್ಣು ಮತ್ತು ಮರಳು. ಗರಿಕೆಯನ್ನು ರಸ್ತೆ ಬದಿಯಿಂದ ಕಿತ್ತು ತರಬೇಡಿ, ಅಲ್ಲಿ ಬೀದಿ ನಾಯಿಗಳು ಹುಯ್ದಿರುತ್ತವೆ. ನಾಯಿ ಹೋಗದ ಕಡೆಯಿಂದ, ಔಷಧಿ ಹೊಡೆಯದ ತೋಟದಿಂದ ತಂದು ಚೆನ್ನಾಗಿ ತೊಳೆದು, ಗಿಣ್ಣು ಮಣ್ಣಿಗೆ ತಾಗುವಂತೆ ಅಡ್ಡಡ್ಡ ಮಲಗಿಸಿ ನೆಡಿ. ಗರಿಕೆ ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಬಾಲ್ಕನಿಯ ಬಿಸಿಲಿಗೆ ಮೂರು ನಾಲ್ಕು ವಾರದಲ್ಲಿ ಹಬ್ಬುತ್ತದೆ. ಎರಡು ಟ್ರೇ ಮಾಡಿಕೊಳ್ಳಿ. ನಾಯಿಯ ಉಚ್ಚೆಯಲ್ಲಿ ಸಾರಜನಕ ಜಾಸ್ತಿ, ಒಂದೇ ಕಡೆ ಬಿದ್ದರೆ ಹುಲ್ಲು ಹಳದಿಯಾಗಿ ಸುಟ್ಟುಹೋಗುತ್ತದೆ. ಒಂದನ್ನು ವಾರ ಬಳಸಿ, ಚೆನ್ನಾಗಿ ನೀರು ಹಾಯಿಸಿ ಬಿಸಿಲಿಗಿಟ್ಟು, ಅಷ್ಟರಲ್ಲಿ ಇನ್ನೊಂದನ್ನು ತನ್ನಿ. ಹುಲ್ಲಿನ ಸ್ಪರ್ಶ ಮನೆಯಲ್ಲಿ ಬೇರೆಲ್ಲೂ ಇರುವುದಿಲ್ಲ, ಮರಿಗೆ ಗೊಂದಲವೇ ಆಗಲ್ಲ. ಲಸಿಕೆ ಮುಗಿದ ಮೇಲೆ ಪಾರ್ಕಿಗೆ ಕರೆದುಕೊಂಡು ಹೋದ ಮೊದಲ ದಿನವೇ ಹುಲ್ಲು ಕಂಡು ತಾನಾಗೇ ಕೂರುತ್ತದೆ.

ಬಿಸಿಲು ಬೀಳದ ಮನೆಯವರಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಅನುಕೂಲ ಇದೆ. ಇದು ತೆಂಗಿನ ಸೀಮೆ. ನರ್ಸರಿಗಳಲ್ಲಿ ಕೋಕೋಪೀಟ್ ಅಂತ ಮಾರುವ ತೆಂಗಿನ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ. ಅದನ್ನು ಸ್ವಲ್ಪ ತೇವ ಮಾಡಿ ಟ್ರೇಗೆ ಮೂರು ಇಂಚು ಹರಡಿದರೆ ಉಚ್ಚೆಯನ್ನು ಚೆನ್ನಾಗಿ ಹೀರುತ್ತದೆ, ವಾಸನೆಯೂ ಕಡಿಮೆ. ಒದ್ದೆಯಾದ ಭಾಗವನ್ನು ದಿನಾ ಎತ್ತಿಹಾಕಿ. ಮಣ್ಣು ತಿನ್ನುವ ಚಟದ ಮರಿಗೆ ಮಾತ್ರ ಇದು ಬೇಡ, ಒಣಪುಡಿ ಹೊಟ್ಟೆ ಸೇರಿದರೆ ಉಬ್ಬುತ್ತದೆ. ಬೆಕ್ಕಿಗೆ ಅಂತ ಬರುವ, ಒದ್ದೆಯಾದರೆ ಉಂಡೆ ಕಟ್ಟುವ ಜೇಡಿಯನ್ನು ಕೂಡ ಇದೇ ಕಾರಣಕ್ಕೆ ನಾಯಿಮರಿಗೆ ಬಳಸಬೇಡಿ. ಪ್ಲಾಸ್ಟಿಕ್ ಹುಲ್ಲಿನ ಹಾಸು ನೋಡಲು ಚೆಂದ, ಆದರೆ ದಿನಾ ತೊಳೆಯದಿದ್ದರೆ ಅಡಿಯಲ್ಲಿ ಉಚ್ಚೆ ನಿಂತು ಮೂರನೇ ದಿನಕ್ಕೆ ಮೂಗು ಬಿಡೋಕಾಗಲ್ಲ.

ಯಾವುದನ್ನೇ ಆರಿಸಿದರೂ ಒಂದೇ ಆರಿಸಿ, ಒಂದೇ ಮೂಲೆಯಲ್ಲಿಡಿ. ಊಟದ ಬಟ್ಟಲಿನಿಂದ, ಮಲಗುವ ಜಾಗದಿಂದ ದೂರ ಇರಲಿ. ನಾಯಿ ತಾನು ಉಣ್ಣುವ, ಮಲಗುವ ಕಡೆ ಗಲೀಜು ಮಾಡಲು ಇಷ್ಟಪಡುವುದಿಲ್ಲ. ವಾಷಿಂಗ್ ಮಷೀನ್ ಪಕ್ಕವೂ ಬೇಡ, ಅದು ಗುಡುಗಿದರೆ ಮರಿ ಹೆದರಿ ಆ ಕಡೆ ತಲೆ ಹಾಕಲ್ಲ. ದೇವರ ಕೋಣೆ ಹತ್ತಿರ ಇಟ್ಟು ಹಿರಿಯರ ಮನಸ್ಸು ನೋಯಿಸಬೇಡಿ. ಮನೆಯವರೆಲ್ಲರ ಒಪ್ಪಿಗೆ ಇದ್ದರೇ ಮರಿ ಬೇಗ ಕಲಿಯೋದು.

ಇನ್ನು ಹೊತ್ತು. ನಿದ್ದೆಯಿಂದ ಎದ್ದ ತಕ್ಷಣ, ಊಟವಾದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಆಟದ ನಡುವೆ, ರಾತ್ರಿ ಮಲಗುವ ಮುಂಚೆ. ಈ ಹೊತ್ತಿನಲ್ಲಿ ನೀವೇ ಎತ್ತಿ ಟ್ರೇ ಮೇಲೆ ಬಿಡಿ. ಉಳಿದಂತೆ ಮರಿಯ ಮೇಲೆ ಒಂದು ಕಣ್ಣಿಡಿ. ಚೆಂಡಿನ ಹಿಂದೆ ಓಡುತ್ತಿದ್ದ ಮರಿ ಇದ್ದಕ್ಕಿದ್ದಂತೆ ಆಟ ನಿಲ್ಲಿಸುತ್ತದೆ. ಮೂಗನ್ನು ನೆಲಕ್ಕೆ ಅಂಟಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರುತ್ತದೆ, ಒಂದು ಸುತ್ತು ಸುತ್ತುತ್ತದೆ, ಸೋಫಾ ಹಿಂದಕ್ಕೆ ನುಸುಳಲು ನೋಡುತ್ತದೆ. ಹಿಂಗಾಲು ಬಗ್ಗುವ ಮೊದಲು ನಿಮಗೆ ಸಿಗುವುದು ಕೆಲವೇ ಕ್ಷಣ. ಕೂಗಾಡದೆ ಎತ್ತಿ ಟ್ರೇಗೆ ಬಿಡಿ. ಮುಗಿಸುವ ತನಕ ಸುಮ್ನೆ ನಿಂತಿರಿ. ಮುಗಿದ ಕೂಡಲೇ, ಅಲ್ಲೇ, ಬೆನ್ನು ಸವರಿ ಒಂದು ಚೂರು ತಿಂಡಿ ಕೊಡಿ. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದು ತರುವಷ್ಟರಲ್ಲಿ ಅದಕ್ಕೆ ಯಾಕೆ ಕೊಟ್ಟರು ಅಂತಲೇ ಗೊತ್ತಾಗಲ್ಲ. ಡಬ್ಬಿ ಟ್ರೇ ಪಕ್ಕದ ಗೂಡಿನಲ್ಲೇ ಇರಲಿ.

ತಿಂಡಿ ಅಂದೆ, ಅದರಲ್ಲಿ ಹುಷಾರು. ಚಿಕ್ಕಬಳ್ಳಾಪುರದ ಕಡೆಯಿಂದ ಒಳ್ಳೆಯ ದ್ರಾಕ್ಷಿ ಬರುತ್ತದೆ, ಮಕ್ಕಳು ಪ್ರೀತಿಗೆ ಒಂದೆರಡು ಮರಿಯ ಬಾಯಿಗೆ ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಕಿಡ್ನಿ ಕೆಡಬಹುದು. ಬೇಯಿಸಿದ ಕ್ಯಾರೆಟ್ ಚೂರು, ಉಪ್ಪು ಹಾಕದ ಚಿಕನ್ ಚೂರು ಸಾಕು. ಹಾಗೇ ಹಾಲು. ಮರಿ ಬಂತು ಅಂದರೆ ನಮ್ಮಲ್ಲಿ ಮೊದಲು ಬಟ್ಟಲಿಗೆ ಹಸುವಿನ ಹಾಲು ಹುಯ್ಯುತ್ತಾರೆ. ಎಷ್ಟೋ ಮರಿಗಳಿಗೆ ಅದು ಅರಗಲ್ಲ, ಭೇದಿಯಾಗುತ್ತದೆ. ಭೇದಿಯಾಗುವ ಮರಿಗೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಹೊತ್ತು ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಸಲ ಅಳತೆಯ ಊಟ ಕೊಡಿ, ಹೋಗುವ ಹೊತ್ತೂ ತಾನಾಗೇ ಹದಕ್ಕೆ ಬರುತ್ತದೆ. ಕುಡಿಯುವ ನೀರನ್ನು ಹಗಲಿನಲ್ಲಿ ಯಾವತ್ತೂ ತಡೆಯಬೇಡಿ.

ತಪ್ಪಿ ಹಾಲ್‌ನಲ್ಲಿ ಮಾಡಿತು ಅಂದುಕೊಳ್ಳಿ. ಮೂಗು ಹಿಡಿದು ನೆಲಕ್ಕೆ ಉಜ್ಜುವ ಹಳೇ ಪದ್ಧತಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದರಿಂದ ಮರಿ ಕಲಿಯುವುದು ಒಂದೇ, ಮನುಷ್ಯರ ಎದುರು ಹುಯ್ಯಬಾರದು ಅಂತ. ಆಮೇಲೆ ಮಂಚದ ಕೆಳಗೆ, ಬೀರು ಸಂದಿಯಲ್ಲಿ ಕದ್ದು ಮಾಡುತ್ತದೆ. ಸುಮ್ಮನೆ ಬಟ್ಟೆಯಿಂದ ಒತ್ತಿ ಹೀರಿಸಿ. ಫಿನಾಯಿಲ್ ಬೇಡ, ಒರೆಸಿದ ನೆಲದಲ್ಲಿ ಓಡಾಡಿ ಮರಿ ಪಾದ ನೆಕ್ಕಿಕೊಳ್ಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಅದರ ವಾಸನೆ ಉಚ್ಚೆಯದ್ದನ್ನೇ ಹೋಲುತ್ತದೆ. ಬ್ಲೀಚಿಂಗ್ ಪೌಡರನ್ನು ಉಚ್ಚೆ ಮೇಲೆ ಹಾಕಿದರೆ ಕೆಟ್ಟ ಹೊಗೆ ಏಳುತ್ತದೆ, ಅದಂತೂ ಬೇಡವೇ ಬೇಡ. ಟೈಲ್ಸ್ ನೆಲಕ್ಕೆ ಒಂದು ಪಾಲು ಬಿಳಿ ವಿನೆಗರ್, ಒಂದು ಪಾಲು ನೀರು ಬೆರೆಸಿ ಒರೆಸಿ. ಕಡಪ ಕಲ್ಲು, ಮಾರ್ಬಲ್, ರೆಡ್ ಆಕ್ಸೈಡ್ ನೆಲ ಇರುವವರು ವಿನೆಗರ್ ಹಾಕಬೇಡಿ, ಹುಳಿ ನೆಲವನ್ನು ತಿಂದು ಹೊಳಪು ಹೋಗುತ್ತದೆ. ಅವರು ನಾಯಿ ಸಾಮಾನಿನ ಅಂಗಡಿಯಲ್ಲಿ ಎನ್‌ಜೈಮ್ ಕ್ಲೀನರ್ ಕೇಳಿ, ಕಲ್ಲಿಗೆ ಆಗುತ್ತದಾ ಅಂತ ಬಾಟಲಿ ಮೇಲೆ ಓದಿ ತನ್ನಿ. ನಮ್ಮ ಮೂಗಿಗೆ ವಾಸನೆ ಹೋಗಿದ್ದರೂ ನಾಯಿಯ ಮೂಗಿಗೆ ಹೋಗಿರುವುದಿಲ್ಲ, ಈ ಕ್ಲೀನರ್ ಆ ಉಳಿಕೆಯನ್ನೇ ಒಡೆಯುತ್ತದೆ.

ಗಂಡು ಮರಿ ಆರು ತಿಂಗಳು ದಾಟಿದ ಮೇಲೆ ಕಾಲೆತ್ತಲು ಶುರು ಮಾಡುತ್ತದೆ. ಆಗ ಟ್ರೇ ನಡುವೆ ಒಂದು ಇಟ್ಟಿಗೆ ನಿಲ್ಲಿಸಿ, ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಶೀಟ್ ಅಂಟಿಸಿ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಅಲ್ಲಲ್ಲಿ ಗುರುತು ಹಾಕುವ ಚಾಳಿ ಹೆಚ್ಚಿನ ಗಂಡು ನಾಯಿಗಳಲ್ಲಿ ತಗ್ಗುತ್ತದೆ.

ಕಕ್ಕವನ್ನು ಆಗಾಗಲೇ ಎತ್ತಿ ಕಕ್ಕಸಿಗೆ ಹಾಕಿ. ದುಂಡುಹುಳದ ಮೊಟ್ಟೆಗಳು ಬಿದ್ದಲ್ಲೇ ಕೆಲವು ವಾರ ಉಳಿದರೆ ಮನುಷ್ಯರಿಗೂ ಅಂಟುವ ಹಂತಕ್ಕೆ ಬರುತ್ತವೆ. ನೆಲದ ಮೇಲೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದು ಹುಡುಗಾಟ ಅಲ್ಲ. ಮರಿಗೆ 12 ವಾರದ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ ಹುಳದ ಔಷಧಿ ಕೊಡಿಸಿ. ಟ್ರೇಯ ಹಳೇ ಮಣ್ಣನ್ನು, ನಾರಿನ ಪುಡಿಯನ್ನು ಸೊಪ್ಪು ಬೆಳೆಯುವ ಕುಂಡಕ್ಕೆ ಸುರಿಯಬೇಡಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಬೇರೆಯಾಗಿ ಕೊಡಿ.

ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಕಂಡಲ್ಲಿ ಹುಯ್ಯತೊಡಗಿದರೆ ಹಟ ಅಂದುಕೊಳ್ಳಬೇಡಿ. ಹನಿ ಹನಿಯಾಗಿ ಹೋಗೋದು, ರಕ್ತ ಕಾಣೋದು, ವಿಪರೀತ ನೀರು ಕುಡಿಯೋದು ಕಂಡರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಡು ನಾಯಿ ತಿಣುಕಿದರೂ ಒಂದು ಹನಿ ಬರದಿದ್ದರೆ ನಾಳೆಗೆ ಅಂತ ಇಟ್ಟುಕೊಳ್ಳಬೇಡಿ, ಅವತ್ತೇ ಹೋಗಿ.

ಹಬ್ಬಕ್ಕೆ ಊರಿಗೆ ಹೋಗುವಾಗ ಟ್ರೇಯನ್ನೂ ಕಾರಿಗೆ ಹಾಕಿಕೊಳ್ಳಿ. ಅದಾಗದಿದ್ದರೆ ಬಳಸಿದ ಪ್ಯಾಡಿನ ತುಂಡನ್ನೋ, ಒಂದು ಹಿಡಿ ನಾರಿನ ಪುಡಿಯನ್ನೋ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ಆ ಮನೆಯವರನ್ನು ಕೇಳಿ ಒಂದು ಮೂಲೆ ಗೊತ್ತುಮಾಡಿ, ಹೊಸ ಹಾಸಿನ ಕೆಳಗೆ ಅದನ್ನಿಟ್ಟು, ಕಾರಿನಿಂದ ಇಳಿದ ಕೂಡಲೇ ನಾಯಿಯನ್ನು ನೇರ ಅಲ್ಲಿಗೇ ಕರೆದುಕೊಂಡು ಹೋಗಿ ಮೂಸಿಸಿ. ಉಳಿದ ಕೋಣೆಗಳನ್ನು ಆಮೇಲೆ ನೋಡಲಿ.