ಇಂಟರ್‌ವೆನ್ಶನಲ್ ರೇಡಿಯಾಲಜಿಯ ನಾವೀನ್ಯ ಪ್ರಶಸ್ತಿಗೆ ಅರ್ಜಿ ಬರೆಯುವ ಬಗೆ

ಚರ್ಮದಲ್ಲಿ ಸೂಜಿ ಗಾತ್ರದ ರಂಧ್ರ ಮಾಡಿ, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತಲೇ ದೇಹದೊಳಗೆ ಚಿಕಿತ್ಸೆ ನಡೆಸುವ ಇಂಟರ್‌ವೆನ್ಶನಲ್ ರೇಡಿಯಾಲಜಿಯಲ್ಲಿ ಹೊಸ ಉಪಾಯಗಳಿಗೆ ಎಂದೂ ಬರವಿಲ್ಲ. ಅವುಗಳನ್ನು ಮತ್ತೊಬ್ಬರು ನಂಬುವ ಹಾಗೆ ಬರೆದಿಡುವವರು ಮಾತ್ರ ಕಡಿಮೆ. ವಿಯೆನ್ನಾದಲ್ಲಿ ಕಚೇರಿ ಹೊಂದಿರುವ ಯುರೋಪಿನ ಸಂಘ ಸಿರ್ಸೆ, ಆರ್. ಡಬ್ಲ್ಯೂ. ಗ್ಯುಂಟರ್ ಪ್ರತಿಷ್ಠಾನದ ನೆರವಿನಿಂದ ಈ ಕ್ಷೇತ್ರದ ಉತ್ಕೃಷ್ಟತೆ ಮತ್ತು ನಾವೀನ್ಯಕ್ಕಾಗಿ ಒಂದು ಪ್ರಶಸ್ತಿಯನ್ನು ನೀಡುತ್ತದೆ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರದಂತೆ ತಡೆಯುವ ಗ್ಯುಂಟರ್ ಟುಲಿಪ್ ಫಿಲ್ಟರ್ ಎಂಬ ಸಾಧನದಲ್ಲಿ ಹೆಸರು ಉಳಿಸಿಕೊಂಡಿರುವ, ಜರ್ಮನಿಯ ಆಖೆನ್‌ನ ರೇಡಿಯಾಲಜಿಸ್ಟ್ ರೋಲ್ಫ್ ಗ್ಯುಂಟರ್ ಅವರ ಪ್ರತಿಷ್ಠಾನವಿದು. ಇಂಥ ಪ್ರಶಸ್ತಿಗೆ ಅರ್ಜಿ ಸಲ್ಲಿಸಲು ಯೋಚಿಸುತ್ತಿರುವ ವೈದ್ಯರಿಗಾಗಿ ಈ ಬರಹ.

ಮೊದಲು ಆ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿರಿ. ಸದಸ್ಯತ್ವ, ವಯಸ್ಸು, ಕೆಲಸ ಈಗಾಗಲೇ ಪ್ರಕಟವಾಗಿರಬೇಕೇ ಎಂಬ ನಿಯಮಗಳು ಪ್ರಶಸ್ತಿಯಿಂದ ಪ್ರಶಸ್ತಿಗೆ ಬೇರೆಯಾಗಿರುವುದರಿಂದ, ಸಹೋದ್ಯೋಗಿ ಹಿಂದೆಂದೋ ಬಳಸಿದ ನಮೂನೆಯನ್ನು ನಂಬಿ ಕೂರಬಾರದು.

ಬರೆಯಲು ಕುಳಿತಾಗ ಸಾಧನದಿಂದಲ್ಲ, ರೋಗಿಯ ತೊಂದರೆಯಿಂದ ಆರಂಭಿಸಿರಿ. ಈ ಶಾಖೆ ಹುಟ್ಟಿದ್ದೇ ಹಾಗೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ರೇಡಿಯಾಲಜಿಸ್ಟ್ ಚಾರ್ಲ್ಸ್ ಡಾಟರ್ ಅವರ ಮುಂದಿದ್ದವರು, ಕಾಲಿಗೆ ಗ್ಯಾಂಗ್ರೀನ್ ಆಗಿದ್ದರೂ ಅದನ್ನು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆ. ತೊಡೆಯ ಅಪಧಮನಿಯ ಕಿರಿದಾದ ಭಾಗವನ್ನು ಡಾಟರ್ ಗೈಡ್‌ವೈರ್ ಎಂಬ ದಾರಿ ತೋರುವ ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪನೆಯ ಕ್ಯಾಥೆಟರ್ (ಕೊಳವೆ) ತೂರಿಸಿ ಹಿಗ್ಗಿಸಿದರು, ಕಾಲು ಉಳಿಯಿತು. ಅದೇ ವರ್ಷ ಮೆಲ್ವಿನ್ ಜಡ್ಕಿನ್ಸ್ ಜೊತೆ ಅವರು ಪ್ರಕಟಿಸಿದ ಲೇಖನದಲ್ಲಿದ್ದುದು ಒಂಬತ್ತು ರೋಗಿಗಳ ಹನ್ನೊಂದು ಕಾಲುಗಳ ಅನುಭವ ಮಾತ್ರ. ಸ್ವದೇಶದಲ್ಲಿ ಬಹುಮಂದಿ ಇದನ್ನು ಅನುಮಾನದಿಂದ ನೋಡಿದರೆ, ಜರ್ಮನಿಯಲ್ಲಿ ಎಬರ್‌ಹಾರ್ಡ್ ಝೈಟ್ಲರ್ ಅದನ್ನು ಕಲಿತು ಮಾಡತೊಡಗಿದರು. ಯುರೋಪಿನಲ್ಲಿ ಆ ವಿಧಾನಕ್ಕೆ ‘ಡಾಟರಿಂಗ್’ ಎಂಬ ಹೆಸರೇ ಬಿತ್ತು. ಅದನ್ನು ಕಂಡ ಆಂಡ್ರಿಯಾಸ್ ಗ್ರುಂಟ್ಸಿಗ್ 1974ರಲ್ಲಿ ಕಾಲಿನ ರಕ್ತನಾಳಕ್ಕೂ 1977ರಲ್ಲಿ ಹೃದಯದ ರಕ್ತನಾಳಕ್ಕೂ, ನಾಳವನ್ನು ಒಳಗಿನಿಂದ ಹಿಗ್ಗಿಸುವ ಬಲೂನನ್ನು ಒಯ್ದರು. ಇನ್ನೊಬ್ಬರ ಕೈಗೂ ಬಗ್ಗಿದ್ದರಿಂದಲೇ ಆ ಉಪಾಯ ಉಳಿಯಿತು. ಆದ್ದರಿಂದ ನಿಮ್ಮ ಅರ್ಜಿಯನ್ನು ಓದಿದ ಅಪರಿಚಿತ ವೈದ್ಯರೊಬ್ಬರು ತಮ್ಮ ಕ್ಯಾಥ್ ಲ್ಯಾಬ್‌ನಲ್ಲಿ (ಇಂಥ ಚಿಕಿತ್ಸೆ ನಡೆಸುವ ಕೊಠಡಿಯಲ್ಲಿ) ಅದನ್ನೇ ಮಾಡಬಲ್ಲರೇ ಎಂಬ ಪ್ರಶ್ನೆಯನ್ನು ಪ್ರತಿ ವಾಕ್ಯಕ್ಕೂ ಹಾಕಿಕೊಳ್ಳಿರಿ.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ‘ನಮ್ಮ ಕ್ರಾಂತಿಕಾರಿ ವಿಧಾನವು ಯಕೃತ್ತಿನ ಗಡ್ಡೆಯ ಚಿಕಿತ್ಸೆಯಲ್ಲಿ ಹೊಸ ಯುಗವನ್ನೇ ತೆರೆದಿದೆ’ ಎಂದು ಬರೆದರೆ ತೀರ್ಪುಗಾರರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ‘ಕರುಳಿಗೆ ಒತ್ತಿಕೊಂಡಿರುವ ಯಕೃತ್ತಿನ ಗಡ್ಡೆಯನ್ನು ರೇಡಿಯೋಫ್ರೀಕ್ವೆನ್ಸಿ ವಿದ್ಯುತ್ತಿನಿಂದ ಸುಡುವಾಗ ಕರುಳಿಗೂ ಬಿಸಿ ತಗಲುವ ಅಪಾಯವಿರುವುದರಿಂದ, ಎರಡರ ನಡುವೆ ಶೇಕಡಾ 5ರ ಡೆಕ್ಸ್‌ಟ್ರೋಸ್ ದ್ರಾವಣವನ್ನು ಹರಿಸಿ ಅಂತರ ಮಾಡುವುದು ರೂಢಿ; ಆದರೆ ಸೂಜಿಯಿಂದ ಒಮ್ಮೆಗೇ ಹರಿಸಿದ ದ್ರಾವಣ ಸುಡುವ ಕೆಲಸ ಮುಗಿಯುವ ಮೊದಲೇ ಜಾರಿಹೋಗುತ್ತಿದ್ದುದನ್ನು ಕಂಡು, ನಾವು ಅಲ್ಲಿ ಸಣ್ಣ ಕ್ಯಾಥೆಟರೊಂದನ್ನು ಇರಿಸಿ ಕೊನೆಯವರೆಗೂ ಹನಿಸುತ್ತಾ ಹೋದೆವು.’ ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಆದ್ದರಿಂದ ಇಲ್ಲಿ ಡೆಕ್ಸ್‌ಟ್ರೋಸೇ ಬೇಕು ಎಂದು ಅರ್ಧ ಸಾಲು ಸೇರಿಸಿದರೆ, ಬರೆದವರು ಟೇಬಲ್ ಪಕ್ಕದಲ್ಲಿ ನಿಂತು ಕೆಲಸ ಮಾಡಿದವರೆಂಬುದು ಓದುವವರಿಗೆ ಹೇಳದೆಯೇ ತಿಳಿಯುತ್ತದೆ. ಕ್ಯಾಥೆಟರ್ ಎಷ್ಟು ಫ್ರೆಂಚ್ (ಅದರ ದಪ್ಪದ ಅಳತೆ), ಹನಿಸಿದ ವೇಗ ಎಷ್ಟು, ಅಂತರ ಎಷ್ಟು ಮಿಲಿಮೀಟರ್ ಎಂಬುದನ್ನೂ ಬಿಡದೆ ಕೊಡಿರಿ.

ಅಂಕಿಅಂಶಗಳ ವಿಷಯದಲ್ಲಿ ಎಡವುವವರು ಬಹಳ. ತಾಂತ್ರಿಕ ಯಶಸ್ಸು ಬೇರೆ, ರೋಗಿಗೆ ಆದ ಪ್ರಯೋಜನ ಬೇರೆ. ಸ್ಟೆಂಟ್ ಸರಿಯಾಗಿ ಕೂತಿತು ಎಂಬುದು ಮೊದಲನೆಯದು, ಆರು ತಿಂಗಳ ನಂತರವೂ ರೋಗಿ ನೋವಿಲ್ಲದೆ ನಡೆಯುತ್ತಿದ್ದಾರೆ ಎಂಬುದು ಎರಡನೆಯದು. ಇವೆರಡನ್ನೂ ಬೇರೆಬೇರೆಯಾಗಿ ತೋರಿಸಿ, ಎಷ್ಟು ಮಂದಿಯಲ್ಲಿ ಪ್ರಯತ್ನಿಸಿದಿರಿ, ಎಷ್ಟು ಮಂದಿ ಮರಳಿ ತಪಾಸಣೆಗೆ ಬರಲಿಲ್ಲ ಎಂಬುದನ್ನೂ ಹೇಳಿರಿ. ರೋಗಿಗಳ ಸಂಖ್ಯೆ ಚಿಕ್ಕದಾಗಿದ್ದರೆ ಶೇಕಡಾವಾರು ಲೆಕ್ಕ ಬೇಡ. ನಾಲ್ವರಲ್ಲಿ ಮೂವರಿಗೆ ಗುಣವಾದುದನ್ನು ‘ಶೇಕಡಾ 75’ ಎಂದು ಬರೆದರೆ ಓದುವವರಿಗೆ ನಗು ಬಂದೀತು. ಶಸ್ತ್ರಚಿಕಿತ್ಸೆಯ ಹೊಸ ವಿಧಾನಗಳನ್ನು ಅಳೆಯಲು 2009ರಲ್ಲಿ ಮುಂದಿಟ್ಟ ಐಡಿಯಲ್ ಚೌಕಟ್ಟಿನಲ್ಲಿ ಕಲ್ಪನೆ, ಬೆಳವಣಿಗೆ, ಪರಿಶೋಧನೆ, ಮೌಲ್ಯಮಾಪನ, ದೀರ್ಘಕಾಲದ ನಿಗಾ ಎಂಬ ಹಂತಗಳಿವೆ. ನಿಮ್ಮ ಕೆಲಸ ಯಾವ ಹಂತದಲ್ಲಿದೆ ಎಂದು ಪ್ರಾಮಾಣಿಕವಾಗಿ ಗುರುತಿಸಿಕೊಂಡರೆ, ಮೊದಲ ಹಂತದ ಕೆಲಸಕ್ಕೆ ಕೊನೆಯ ಹಂತದ ಭಾಷೆ ಅಂಟಿಕೊಳ್ಳುವುದು ತಪ್ಪುತ್ತದೆ.

ತೊಡಕುಗಳನ್ನು ಮುಚ್ಚಿಡಬೇಡಿರಿ. ಸಿರ್ಸೆ 2017ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ, ಚಿಕಿತ್ಸೆ ನಡೆಯುತ್ತಿರುವಾಗಲೇ ಸರಿಪಡಿಸಬಹುದಾದ ತೊಡಕಿನಿಂದ ಹಿಡಿದು ಸಾವಿನವರೆಗೆ 6 ದರ್ಜೆಗಳಿವೆ. ಅದೇ ಸಂಘದ ಪ್ರಶಸ್ತಿಗೆ ಬರೆಯುವಾಗ ಅದೇ ಅಳತೆಗೋಲನ್ನು ಬಳಸುವುದು ಲೇಸು. ಯಾವ ರೋಗಿಗೆ ಈ ವಿಧಾನ ಹೊಂದುವುದಿಲ್ಲ ಎಂಬುದಕ್ಕೂ ಒಂದು ಪ್ಯಾರಾ ಮೀಸಲಿಡಿರಿ. ನನ್ನ ಮಟ್ಟಿಗೆ ಇಡೀ ಅರ್ಜಿಯಲ್ಲಿ ಹೆಚ್ಚು ನಂಬಿಕೆ ಹುಟ್ಟಿಸುವುದು ಆ ಪ್ಯಾರಾ.

ಭಾರತದಿಂದ ಅರ್ಜಿ ಹಾಕುವವರು ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆಯೂ ಅಧ್ಯಯನಕ್ಕೆ ಅನ್ವಯಿಸುವುದಾದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ನೋಂದಣಿ ಸಂಖ್ಯೆಯೂ ಕೈಯಲ್ಲಿರಲಿ. ಕೆಲಸ ಮುಗಿದ ಮೇಲೆ ಒಪ್ಪಿಗೆ ಕೇಳಿದರೆ ಸಿಗುವುದು ಕಷ್ಟ. ಎರಡನೆಯದು ಪೇಟೆಂಟ್. 1970ರ ಪೇಟೆಂಟ್ ಕಾಯಿದೆಯ ಕಲಂ 3(ಐ) ಪ್ರಕಾರ ಮನುಷ್ಯರಿಗೆ ಚಿಕಿತ್ಸೆ ನೀಡುವ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ, ಆದರೆ ನೀವು ರೂಪಿಸಿದ ಸಾಧನಕ್ಕೆ ಸಿಗಬಹುದು. ಹೊಸತನ ಬಹಿರಂಗವಾದ ಮೇಲೆ ಹಕ್ಕು ಕಳೆದುಹೋಗುವ ಅಪಾಯವಿರುವುದರಿಂದ, ಸಾರಾಂಶವನ್ನು ಎಲ್ಲಿಗೂ ಕಳಿಸುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಸಲ್ಲಿಸಿರಿ; ಪೂರ್ಣ ವಿವರ ಕೊಡಲು ಆಮೇಲೆ 12 ತಿಂಗಳ ಅವಕಾಶವಿರುತ್ತದೆ.

ಚಿತ್ರಗಳು ಎರಡೋ ಮೂರೋ ಸಾಕು: ಮೊದಲು, ನಡುವೆ, ನಂತರ. ಆಂಜಿಯೋಗ್ರಾಂನ ಮೂಲೆಯಲ್ಲಿ ಉಳಿದುಬಿಡುವ ರೋಗಿಯ ಹೆಸರು ಮತ್ತು ಆಸ್ಪತ್ರೆ ಸಂಖ್ಯೆಯನ್ನು ಅಳಿಸಲು ಮರೆಯಬೇಡಿರಿ. ಶಿಫಾರಸು ಪತ್ರವನ್ನು ನಿಮ್ಮ ಮೇಲಧಿಕಾರಿಯಿಂದ ಪಡೆಯುವುದಕ್ಕಿಂತ, ನಿಮ್ಮ ವಿಧಾನವನ್ನು ಬೇರೆ ಆಸ್ಪತ್ರೆಯಲ್ಲಿ ಮಾಡಿ ನೋಡಿದವರಿಂದ ಪಡೆಯಲು ಸಾಧ್ಯವಾದರೆ ಅದರ ತೂಕವೇ ಬೇರೆ. ಅಂಥವರಿಗೆ ಪತ್ರ ಬರೆಯಲು ಕನಿಷ್ಠ ಒಂದು ತಿಂಗಳು ಕೊಡಿರಿ. ಇನ್ನು ಗಡುವನ್ನು ವಿಯೆನ್ನಾದ ಮಧ್ಯರಾತ್ರಿಗೆ ಹೇಳಿದ್ದರೆ ಅದು ನಮ್ಮಲ್ಲಿ, ಯುರೋಪಿನ ಬೇಸಿಗೆಯ ತಿಂಗಳುಗಳಲ್ಲಿ ಬೆಳಗಿನ ಜಾವ ಮೂರೂವರೆ, ಅಲ್ಲಿನ ಚಳಿಗಾಲದಲ್ಲಿ ನಾಲ್ಕೂವರೆ. ಆ ಹೊತ್ತಿನವರೆಗೆ ಎದ್ದಿರುವ ಬದಲು ಹಿಂದಿನ ದಿನವೇ ಕಳಿಸಿ, ಅರ್ಜಿ ತಲುಪಿತೆಂಬ ಸ್ವೀಕೃತಿಯ ಮೇಲ್ ಬಂದಿದೆಯೇ ಎಂದು ನೋಡಿಕೊಳ್ಳಿರಿ.